ಹ್ಯಾಲೋವೀನ್, ಕಾಮಣ್ಣ, ಮೇರಾ: ಮಕ್ಕಳ ತಂಟೆಯ ಹಬ್ಬಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಮುಗಿಯುವ ಹೊತ್ತಿಗೆ ಹ್ಯಾಲೋವೀನ್ ಬಗ್ಗೆ, ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಕಾಮಣ್ಣನ ಬಗ್ಗೆ ತಂದೆತಾಯಂದಿರು ನನ್ನನ್ನು ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಾರೆ. ನಾನು ಗಂಗಾವತಿಯಲ್ಲಿ ಪ್ರೈಮರಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಬೆಳೆದದ್ದು ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಒಂದು ಹಳ್ಳಿಯಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುಷ್ಟಗಿ ಕಡೆಯ ಒಂದು ತಾಂಡಾದಲ್ಲಿದ್ದೆ. ತಂಗಿಯ ಮನೆ ಬಳ್ಳಾರಿಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಈ ನಾಲ್ಕೂ ಕಡೆ ಮಕ್ಕಳು ಮನೆಮನೆ ತಿರುಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕೇಳಿದವರಿಗೆ ನಿಂತಲ್ಲೇ ಹೇಳಿದ ಉತ್ತರಗಳನ್ನು ಇಲ್ಲಿ ಸ್ವಲ್ಪ ಸಾವಧಾನವಾಗಿ ಬರೆದಿಟ್ಟಿದ್ದೇನೆ.

ಹ್ಯಾಲೋವೀನ್ ಅಂದರೆ ಏನು? ಯಾವತ್ತು ಬರುತ್ತದೆ?

ಪ್ರತಿ ವರ್ಷ ಅಕ್ಟೋಬರ್ 31ರ ಸಂಜೆ. ನವೆಂಬರ್ 1 ಕ್ರೈಸ್ತರಿಗೆ ಎಲ್ಲ ಸಂತರನ್ನೂ ನೆನೆಯುವ ದಿನ. 2ನೇ ತಾರೀಖು ತೀರಿಕೊಂಡ ಎಲ್ಲರನ್ನೂ ನೆನೆಯುವ ದಿನ. ಸಂತರ ದಿನದ ಹಿಂದಿನ ಸಂಜೆ ಎನ್ನುವ ಇಂಗ್ಲಿಷ್ ಮಾತೇ ಬಾಯಿಂದ ಬಾಯಿಗೆ ಸವೆದು ಹ್ಯಾಲೋವೀನ್ ಆಗಿದೆ.

ಅದಕ್ಕೂ ಹಿಂದೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಇದೇ ಹೊತ್ತಿಗೆ ಸೌವಿನ್ ಎಂಬ ಹಬ್ಬವಿತ್ತು. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ರಾತ್ರಿ ಅದು. ಬೇಸಿಗೆಯಲ್ಲಿ ಗುಡ್ಡದ ಹುಲ್ಲುಗಾವಲಿಗೆ ಹೊಡೆದಿದ್ದ ದನಗಳನ್ನು ಊರಿಗೆ ಇಳಿಸುವ ಕಾಲ. ಬಯಲಲ್ಲಿ ದೊಡ್ಡ ಬೆಂಕಿ ಹಾಕುತ್ತಿದ್ದರು. ಆ ಒಂದು ರಾತ್ರಿ ಸತ್ತವರ ಲೋಕದ ಬಾಗಿಲು ತೆರೆದಿರುತ್ತದೆ ಎಂದು ನಂಬಿದ್ದರು. ಒಕ್ಕಲುತನ ಮಾಡುವ ಜನರ ಹಬ್ಬ ಎಂದು ಹೇಳಿದರೆ ನಮ್ಮ ಊರಿನ ಹಿರಿಯರಿಗೆ ಥಟ್ಟನೆ ಅರ್ಥವಾಗುತ್ತದೆ.

ನಮ್ಮ ದೀಪಾವಳಿ ಚಂದ್ರನ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಯುತ್ತದೆ, ಹ್ಯಾಲೋವೀನ್ ತಾರೀಖಿಗೆ ಕಟ್ಟಿಬಿದ್ದಿದೆ. ಆದರೂ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. 2024ರಲ್ಲಿ ನರಕ ಚತುರ್ದಶಿ ಸರಿಯಾಗಿ ಅಕ್ಟೋಬರ್ 31ಕ್ಕೇ ಬಂದಿತ್ತು.

ಕುಂಬಳಕಾಯಿಗೆ ಕಣ್ಣು ಬಾಯಿ ಕೆತ್ತಿ ದೀಪ ಇಡೋದು ಯಾಕೆ?

ಮೊದಲು ಅದು ಕುಂಬಳಕಾಯಿ ಆಗಿರಲಿಲ್ಲ. ಐರ್ಲೆಂಡಿನವರು ಟರ್ನಿಪ್ ಎಂಬ ಗಡ್ಡೆಯನ್ನು ಕೊರೆದು ಒಳಗೆ ದೀಪ ಇಡುತ್ತಿದ್ದರು. ನೋಡಲು ನಮ್ಮ ನವಿಲುಕೋಸಿನ ಹಾಗಿರುತ್ತದೆ. ಅಲ್ಲಿನ ಮೇಯೋ ಜಿಲ್ಲೆಯ ಮ್ಯೂಸಿಯಂನಲ್ಲಿ ಅಂಥ ಒಂದು ಹಳೆಯ ಮುಖದ ಅಚ್ಚು ಇಟ್ಟಿದ್ದಾರೆ. ಫೋಟೋ ನೋಡಿದರೆ ಈಗಿನ ನಗುವ ಕುಂಬಳಕಾಯಿಗಿಂತ ಜಾಸ್ತಿ ಹೆದರಿಕೆ ಬರುತ್ತದೆ.

1845ರಿಂದ ಕೆಲವು ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಭಾರಿ ಬರ ಬಂತು. ಸುಮಾರು 10 ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಊರು ಬಿಟ್ಟರು, ಅವರಲ್ಲಿ ಬಹಳ ಮಂದಿ ಅಮೆರಿಕಕ್ಕೆ ಹೋದರು. ಹಬ್ಬವನ್ನೂ ಜೊತೆಗೆ ಒಯ್ದರು. ಅಲ್ಲಿ ಕುಂಬಳಕಾಯಿ ಬೇಕಾದಷ್ಟು ಸಿಗುತ್ತಿತ್ತು. ದೊಡ್ಡದು, ಕೊರೆಯಲು ಸುಲಭ. ಗಡ್ಡೆಯ ಜಾಗಕ್ಕೆ ಕುಂಬಳಕಾಯಿ ಬಂತು. ಬರಕ್ಕೆ ಊರು ಬಿಟ್ಟವರು ತಮ್ಮ ಹಬ್ಬವನ್ನು ಗಂಟು ಕಟ್ಟಿಕೊಂಡು ಹೋಗುವುದು ನಮ್ಮ ಕಡೆಯವರಿಗೆ ಹೊಸ ಸಂಗತಿಯಲ್ಲ. ಗುಳೆ ಹೋದವರ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಭಾಗ ಓದುವಾಗಲೆಲ್ಲ ಗಂಟಲು ಕಟ್ಟುತ್ತದೆ.

ಮುಖ ಬರೆದ ಕಾಯಿಯನ್ನು ಮನೆ ಮುಂದೆ ಇಟ್ಟರೆ ಕೆಟ್ಟದ್ದು ಒಳಗೆ ಬರುವುದಿಲ್ಲ ಎನ್ನುವುದು ಅವರ ನಂಬಿಕೆ. ಈಗ ಬಳ್ಳಾರಿಯ ಯಾವುದಾದರೂ ಹೊಸ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಕಟ್ಟುತ್ತಿರುವ ಮನೆಯ ಮುಂದೆ ಬೂದುಗುಂಬಳಕ್ಕೆ ಕೋರೆಹಲ್ಲು, ಕೆಂಪು ನಾಲಿಗೆ ಬರೆದು ತೂಗುಹಾಕಿರುತ್ತಾರೆ. ದೃಷ್ಟಿ ತಾಕದಿರಲಿ ಅಂತ. ಎರಡು ದೂರದ ಊರಿನ ಜನ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಕೆಲಸ ಮಾಡಿದ್ದಾರೆ.

ಟ್ರಿಕ್ ಆರ್ ಟ್ರೀಟ್ ಅಂದರೆ ಮಕ್ಕಳು ಹೆದರಿಸಿ ಬೇಡೋದಲ್ವಾ? ಇದು ಒಳ್ಳೆ ಅಭ್ಯಾಸವಾ?

ಸಿಹಿ ಕೊಡ್ತೀರಾ, ಇಲ್ಲಾ ತಂಟೆ ಮಾಡಲಾ ಎಂದು ಕೇಳುವ ಮಾತು ಅದು. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಬ್ಲ್ಯಾಕಿ ಎಂಬ ಸಣ್ಣ ಊರಿನ 1927ರ ಸುದ್ದಿಯೊಂದರಲ್ಲಿ ಈ ಮಾತು ಅಚ್ಚಾಗಿದೆ. ಅದರ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಆದರೆ ಸ್ಕಾಟ್ಲೆಂಡಿನ ಹಳೆಯ ಪದ್ಧತಿ ನೋಡಿ. ಅಲ್ಲಿ ಮಕ್ಕಳು ವೇಷ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತು ಹಾಡಬೇಕು, ಪದ್ಯ ಹೇಳಬೇಕು, ಇಲ್ಲವೇ ನಗೆಹನಿ ಹೇಳಬೇಕು. ಆಮೇಲೆ ಹಣ್ಣೋ ಕಡಲೆಕಾಯಿಯೋ ಸಿಗುತ್ತದೆ. ಇದನ್ನು ಬೇಡುವುದು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮಗು ತನ್ನ ಕಡೆಯಿಂದ ಏನೋ ಒಂದು ಕೊಡುತ್ತದೆ, ಮನೆಯವರು ಏನೋ ಒಂದು ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ಹಿಂದೆ ಬಡವರು, ಮಕ್ಕಳು ನವೆಂಬರ್ ಮೊದಲಲ್ಲಿ ಮನೆಮನೆಗೆ ಹೋಗಿ ಆ ಮನೆಯ ತೀರಿಹೋದವರಿಗಾಗಿ ಪ್ರಾರ್ಥನೆ ಮಾಡಿ ಸಣ್ಣ ಸಣ್ಣ ಕೇಕು ಪಡೆಯುತ್ತಿದ್ದರು. ಅದರಲ್ಲಿ ಹೆದರಿಸುವ ಮಾತೇ ಇಲ್ಲ.

ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1947ರವರೆಗೆ ಸಕ್ಕರೆಗೆ ರೇಷನ್ ಇತ್ತು. ಆಗ ಈ ಆಟ ತಣ್ಣಗಾಯಿತು. ಆಮೇಲೆ ಮತ್ತೆ ಜೋರಾಯಿತು. 1950ರಲ್ಲಿ ಫಿಲಡೆಲ್ಫಿಯಾದ ಮಕ್ಕಳು ಸಿಹಿಯ ಬದಲು ಚಿಲ್ಲರೆ ಕಾಸು ಕೂಡಿಸಿ ಬೇರೆ ದೇಶದ ಮಕ್ಕಳಿಗಾಗಿ ಯುನಿಸೆಫ್‌ಗೆ ಕಳಿಸಿದರು. ಅದು ಇವತ್ತಿಗೂ ನಡೆಯುತ್ತಿದೆ.

ನಮ್ಮ ಕಡೆ ಇಂಥದ್ದು ಏನಾದರೂ ಇದೆಯಾ?

ಇದೆ. ಒಂದಲ್ಲ, ವರ್ಷದುದ್ದಕ್ಕೂ ಇದೆ. ಪಟ್ಟಿ ಮಾಡದೆ ನನಗೆ ನೆನಪಿರುವ ಹಾಗೇ ಹೇಳುತ್ತೇನೆ.

ಮುಂಗಾರು ಶುರುವಾದಾಗ ಮಣ್ಣೆತ್ತಿನ ಅಮಾವಾಸ್ಯೆ. ಅದರ ಮರುದಿನ ನಾವು ಮಣ್ಣಿನ ಎತ್ತಿನ ಒಂದು ಕಾಲು ಮುರಿದು, ಹಲಗೆಯ ಮೇಲೆ ಇಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದೆವು. ನಮ್ಮ ಎತ್ತು ಕುಂಟಿದೆ, ಜೋಳ ಕೊಡಿ ಎಂದು ರಾಗ ತೆಗೆಯುವುದು. ಒಬ್ಬ ಹುಡುಗ ತಾನೂ ಕುಂಟುತ್ತಾ ನಡೆಯುತ್ತಿದ್ದ. ಎತ್ತು ಯಾಕೆ ಕುಂಟಿತು, ಯಾರು ಹೊಡೆದರು, ಔಷಧ ಹಾಕಿದ್ರಾ ಎಂದು ಮನೆಯವರು ಕೇಳಬೇಕು. ನಾವು ಉತ್ತರ ಕೊಡಬೇಕು. ಒಳ್ಳೆ ಉತ್ತರ ಕೊಟ್ಟ ಮಗುವಿಗೆ ಒಂದು ಹಿಡಿ ಜೋಳ ಜಾಸ್ತಿ. ಬಂದ ಜೋಳ ಮಾರಿ ಮಂಡಕ್ಕಿ, ಬೆಲ್ಲ ತಂದು ಹಳ್ಳದ ದಂಡೆಯಲ್ಲಿ ಎಲ್ಲರೂ ಕೂತು ತಿನ್ನುತ್ತಿದ್ದೆವು.

ಗಣಪತಿ ಹೋದ ಮೇಲೆ ಜೋಕುಮಾರ ಬರುತ್ತಾನೆ. ಬುಟ್ಟಿಯಲ್ಲಿ ಬೇವಿನ ಎಲೆಯ ನಡುವೆ ಕೂತ ಮಣ್ಣಿನ ಮೂರ್ತಿ. ಬಾಯಿಗೆ ಬೆಣ್ಣೆ. ಹೆಣ್ಣುಮಕ್ಕಳು ಅವನನ್ನು ತಲೆ ಮೇಲೆ ಹೊತ್ತು ಹಾಡುತ್ತಾ ಬರುತ್ತಾರೆ, ಮನೆಯವರು ಮೊರದಲ್ಲಿ ಜೋಳ ಹಾಕುತ್ತಾರೆ. ಏಳು ದಿನ ಬದುಕಿ, ಊರೆಲ್ಲ ಉಡಾಳತನ ಮಾಡಿ, ಹುಣ್ಣಿಮೆಗೆ ಸಾಯುವ ದೇವರು ಅವನು. ಹೀಗೆ ತಂಟೆ ಮಾಡುವವನನ್ನೇ ಮಳೆ ತರುವವನು ಎಂದು ನಂಬಿದ ನಮ್ಮ ಜನರ ಮೇಲೆ ನನಗೆ ಬಹಳ ಪ್ರೀತಿ.

ಮೊಹರಂ ಬಂದರೆ ಹುಲಿವೇಷ, ಮೈಗೆಲ್ಲ ಮಸಿ ಬಳಿದುಕೊಂಡ ವೇಷಗಳು. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ಇಡೀ ಸೀಮೆಗೆ ಹೆಸರಾದದ್ದು. ಹಿಂದೂ ಮನೆಗಳ ಮಕ್ಕಳೂ ಹರಕೆ ಹೊತ್ತು ಫಕೀರರಾಗುತ್ತಾರೆ, ಕೊರಳಿಗೆ ಲಾಡಿ ಹಾಕಿಕೊಂಡು ಐದು ಮನೆ ಬೇಡುತ್ತಾರೆ. ಮನೆಯಲ್ಲಿ ಚೊಂಗೆ ಎಂಬ ಸಿಹಿ ತಿಂಡಿ ಮಾಡುತ್ತಾರೆ. ನನ್ನ ಅಣ್ಣನೂ ಒಂದು ವರ್ಷ ಫಕೀರನಾಗಿದ್ದ. ನಮ್ಮ ಮನೆಗೇ ಬಂದು ಬೇಡಿದಾಗ ಅವ್ವ ಅವನ ಗುರುತೇ ಇಲ್ಲದವಳ ಹಾಗೆ ಸಕ್ಕರೆ ಹಾಕಿದ್ದಳು.

ಮೇರಾ ಅಂದರೆ ಏನು? ಅದನ್ನು ಹ್ಯಾಲೋವೀನ್‌ಗೆ ಹೋಲಿಸಬಹುದಾ?

ಹೋಲಿಸಬಹುದು, ಆದರೆ ಮೇರಾ ಅದಕ್ಕಿಂತ ಎಷ್ಟೋ ಚೆಂದ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ದೀಪಾವಳಿ ಅಮಾವಾಸ್ಯೆಯ ರಾತ್ರಿ ಲಂಬಾಣಿ ತಾಂಡಾಗಳಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುತ್ತಾರೆ. ಮೊದಲು ನಾಯಕನ ಮನೆ, ಆಮೇಲೆ ಉಳಿದ ಎಲ್ಲ ಮನೆ. ಒಂದೂ ಬಿಡುವ ಹಾಗಿಲ್ಲ. ಆ ಮನೆಯ ತಾಯಿಗೆ, ತಂದೆಗೆ, ಅಣ್ಣನಿಗೆ, ಹೆಸರು ಹಿಡಿದು ಒಳ್ಳೆಯದಾಗಲಿ ಎಂದು ಹಾಡುತ್ತಾರೆ. ಹಿರಿಯರು ಹರಸಿ ದೀಪದೊಳಗೆ ಕಾಸು ಹಾಕುತ್ತಾರೆ. ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದು ಗುಂಪಾಗಿ ಅಡವಿಗೆ ಹೋಗಿ ಹೂ ತರುತ್ತಾರೆ. ಮುಂದಿನ ವರ್ಷ ಮದುವೆಯಾಗಿ ಹೋಗುವ ಹುಡುಗಿಯರಿಗೆ ಅದೇ ಕೊನೆಯ ಮೇರಾ. ಅವರನ್ನು ತಬ್ಬಿಕೊಂಡು ಉಳಿದವರು ಅಳುತ್ತಾರೆ.

ನಾನು ಆ ತಾಂಡಾದಲ್ಲಿದ್ದ ಮೊದಲ ವರ್ಷ ನನ್ನ ಬಾಡಿಗೆ ಮನೆಗೂ ಬಂದರು. ಹನ್ನೊಂದು ಹುಡುಗಿಯರು, ಆರು ಜನ ನನ್ನ ಕ್ಲಾಸಿನವರೇ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ಅಂದು ಮುಂದೆ ನಿಂತು ಹಾಡಿದಳು. ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ. ಪಕ್ಕದ ಮನೆಗೆ ಓಡಿ ಸಾಲ ತಂದು ಹಾಕಿದೆ. ದುಡಿಯಲು ಬೆಂಗಳೂರಿಗೆ, ಗೋವಾಕ್ಕೆ ಹೋದವರೆಲ್ಲ ಆ ರಾತ್ರಿಗಾಗಿ ಊರಿಗೆ ಬಂದಿದ್ದರು. ಬೆಳಿಗ್ಗೆ ತಾಂಡಾದಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಟ್ಟರು. ಕತ್ತಲ ರಾತ್ರಿ, ದೀಪ, ಮನೆಮನೆ ಸುತ್ತುವ ಮಕ್ಕಳು, ಸತ್ತವರ ನೆನಪು. ಹ್ಯಾಲೋವೀನ್‌ನಲ್ಲಿ ಇರುವುದೆಲ್ಲ ಅಲ್ಲಿತ್ತು. ಹೆದರಿಕೆ ಒಂದು ಇರಲಿಲ್ಲ.

ಕಾಮಣ್ಣನ ಹಬ್ಬಕ್ಕೆ ಮಕ್ಕಳು ಕಟ್ಟಿಗೆ ಕದಿಯುತ್ತಾರೆ. ಟೀಚರ್ ಆಗಿ ನೀವು ಅದನ್ನು ಸರಿ ಅಂತೀರಾ?

ಈ ಪ್ರಶ್ನೆ ಕೇಳುವವರು ಜಾಸ್ತಿ. ಹಾಗಾಗಿ ಉದ್ದವಾಗಿಯೇ ಹೇಳುತ್ತೇನೆ.

ನಾನು ಆಗ ನಾಲ್ಕನೇ ಕ್ಲಾಸು. ಅದು ಹುಡುಗರ ಹಬ್ಬ. ಆದರೂ ಅಣ್ಣನ ಬೆನ್ನು ಹತ್ತಿ ಹೋಗುತ್ತಿದ್ದೆ. ಕಾವಲು ನಿಲ್ಲುವುದು ನನ್ನ ಕೆಲಸ. ಹುಣ್ಣಿಮೆ ರಾತ್ರಿ ಕಾಮಣ್ಣನನ್ನು ಸುಡಲು ಐದಾರು ದಿನ ಮುಂಚೆಯೇ ಕುಳ್ಳು, ಕಟ್ಟಿಗೆ ಕೂಡಿಸುವುದು ಶುರುವಾಗುತ್ತಿತ್ತು. ಹಲಗೆ ಬಡಿಯುತ್ತಾ, ನಾವು ಕಾಮಣ್ಣನ ಮಕ್ಕಳು, ಕಳ್ಳ ಮಕ್ಕಳು ಎಂದು ನಾವೇ ಕೂಗಿಕೊಂಡು ಹೋಗುವುದು. ಕಳ್ಳತನಕ್ಕೆ ಬರುವವರು ಡಂಗುರ ಹೊಡೆದು ಬರುವ ಹಬ್ಬ ಬೇರೆ ಯಾವುದಿದೆ ಹೇಳಿ.

ಆ ವರ್ಷ ಕೆಳಗಿನ ಓಣಿಯವರ ಕಾಮಣ್ಣನ ರಾಶಿ ನಮ್ಮದಕ್ಕಿಂತ ಎತ್ತರ ಇತ್ತು. ಹುಡುಗರಿಗೆ ಹಟ ಬಂತು. ಒಬ್ಬಳೇ ಇದ್ದ ಒಬ್ಬ ಅಜ್ಜಿಯ ಮನೆಯ ಗೋಡೆಗೆ ಒರಗಿಸಿದ್ದ ಏಣಿಯನ್ನು ಎತ್ತಿಕೊಂಡು ಬಂದರು. ನಾನು ಕಾವಲು ನಿಂತಿದ್ದೆ. ರಾತ್ರಿ ಏಣಿ ಸುಟ್ಟಿತು. ಲಬೋ ಲಬೋ ಎಂದು ಬಾಯಿ ಬಡಿದುಕೊಂಡು ಕುಣಿದೆವು. ಬೆಳಿಗ್ಗೆ ಅದೇ ಕೆಂಡ ತಂದು ಎಲ್ಲರ ಮನೆಯ ಒಲೆ ಹಚ್ಚಿದರು.

ಆ ಏಣಿ ಹತ್ತಿಯೇ ಅಜ್ಜಿ ಮಾಳಿಗೆ ಮೇಲೆ ಸಂಡಿಗೆ ಹಾಕಿ, ಮೆಣಸಿನಕಾಯಿ ಒಣಗಿಸಿ, ಅಷ್ಟಿಷ್ಟು ಮಾರಿ ಬದುಕುತ್ತಿದ್ದಳು ಎಂದು ಮರುದಿನ ಗೊತ್ತಾಯಿತು. ಅಪ್ಪ ನಮ್ಮ ಎಂಟೂ ಜನರನ್ನು ಸಾಲಾಗಿ ಅವಳ ಬಾಗಿಲಿಗೆ ಕರೆದುಕೊಂಡು ಹೋದ. ಬೈಯುತ್ತಾಳೆ ಅಂದುಕೊಂಡಿದ್ದೆವು. ಅವಳು ನಮ್ಮನ್ನು ಹಿತ್ತಲಿಗೆ ಕರೆದಳು. ಅಲ್ಲಿ ಗೋಡೆಯ ಮಗ್ಗುಲಿಗೆ ಐದು ಕುಳ್ಳು ಬೇರೆಯಾಗಿ ಜೋಡಿಸಿಟ್ಟಿದ್ದಳು.

"ನೀವು ಕದಿಯಾಕ ಬರ್ತೀರಂತ ವರ್ಷಾ ಇಲ್ಲೇ ಇಡತೀನ್ರೋ. ಇವನ್ನ ಬಿಟ್ಟು ನಿಚ್ಚಣಿಕಿ ಯಾಕ ಒಯ್ದ್ರಿ?"

ಅಪ್ಪ ಬಡಗೇರ ಮಾವನಿಂದ ಹೊಸ ಏಣಿ ಮಾಡಿಸಿಕೊಟ್ಟ. ಅದರ ಲೆಕ್ಕ ತೀರುವವರೆಗೆ ನಾವು ಸರದಿ ಮೇಲೆ ಅಜ್ಜಿಗೆ ನೀರು ತಂದು ಹಾಕಿದೆವು. ಬೇಸಿಗೆ ಪೂರ್ತಿ ಹಿಡಿಯಿತು.

ಆದ್ದರಿಂದ ನನ್ನ ಉತ್ತರ ಇದು. ಕದಿಯಲೆಂದೇ ದೊಡ್ಡವರು ಹೊರಗೆ ಇಟ್ಟ ಕುಳ್ಳು, ಕಟ್ಟಿಗೆಯನ್ನು ಮಕ್ಕಳು ಕದಿಯಲಿ. ಅದು ಊರು ಕೂಡಿ ಆಡುವ ಆಟ. ದೊಡ್ಡವರು ಎದ್ದು ಬಂದು ಸುಳ್ಳು ಸುಳ್ಳೇ ಅಟ್ಟಿಸಿಕೊಂಡು ಹೋಗಲಿ. ಯಾರದ್ದಾದರೂ ಹೊಟ್ಟೆಪಾಡಿನ ಸಾಮಾನು ಮುಟ್ಟಿದರೆ ಅದು ಬರೀ ಕಳ್ಳತನ. ಈ ಎರಡರ ನಡುವಿನ ಗೆರೆ ಮಕ್ಕಳಿಗೆ ಪುಸ್ತಕದಿಂದ ಗೊತ್ತಾಗುವುದಿಲ್ಲ.

ಬೇರೆ ದೇಶಗಳಲ್ಲೂ ಮಕ್ಕಳು ಹೀಗೆ ಕಟ್ಟಿಗೆ ಕದಿಯುತ್ತಾರಾ?

ಇದು ನನಗೆ ತುಂಬ ಖುಷಿ ಕೊಟ್ಟ ವಿಷಯ. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆ ನವೆಂಬರ್ 5ಕ್ಕೆ ದೊಡ್ಡ ಬೆಂಕಿ ಹಾಕುತ್ತಾರೆ. 1605ರಲ್ಲಿ ಅಲ್ಲಿನ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸಲು ಹೋಗಿ ಸಿಕ್ಕಿಬಿದ್ದ ಗೈ ಫಾಕ್ಸ್‌ನ ಬೊಂಬೆಯನ್ನು ಸುಡುತ್ತಾರೆ. ಅದಕ್ಕೆ ವಾರಗಟ್ಟಲೆ ಮುಂಚಿನಿಂದ ಮಕ್ಕಳು ಓಣಿ ಓಣಿ ಸುತ್ತಿ ಕಟ್ಟಿಗೆ ಕೂಡಿಸುತ್ತಿದ್ದರು. ಅದಕ್ಕೆ ಅವರ ಕಡೆ ಚಂಪಿಂಗ್ ಎಂದು ಬೇರೆ ಹೆಸರೇ ಇದೆ. ಒಂದು ಓಣಿಯವರು ಇನ್ನೊಂದು ಓಣಿಯ ರಾಶಿಗೆ ಕನ್ನ ಹಾಕುವುದು, ರಾಶಿಗೆ ಕಾವಲು ಕೂರುವುದು, ಎಲ್ಲವೂ ಇತ್ತು. ಗೈ ಬೊಂಬೆಯನ್ನು ಬೀದಿಯಲ್ಲಿ ಇಟ್ಟುಕೊಂಡು ಹೋಗಿಬರುವವರನ್ನು ಕಾಸು ಕೇಳುತ್ತಿದ್ದರು. ನಮ್ಮ ಕೆಳಗಿನ ಓಣಿಯ ಹುಡುಗರನ್ನು ಅಲ್ಲಿ ಬಿಟ್ಟಿದ್ದರೆ ಒಂದೇ ದಿನಕ್ಕೆ ಹೊಂದಿಕೊಳ್ಳುತ್ತಿದ್ದರು.

ಅದರ ಹಿಂದಿನ ರಾತ್ರಿ, ನವೆಂಬರ್ 4, ಅಲ್ಲಿನ ಮಕ್ಕಳಿಗೆ ತಂಟೆಯ ರಾತ್ರಿ. ಬಾಗಿಲು ಬಡಿದು ಓಡುವುದು, ಗೇಟು ಕಳಚಿ ಬೇರೆ ಕಡೆ ಇಡುವುದು. ಐರ್ಲೆಂಡಿನಲ್ಲೂ ಹ್ಯಾಲೋವೀನ್ ರಾತ್ರಿ ಗೇಟು ಕಳಚುತ್ತಿದ್ದರು, ಬಾಗಿಲಿಗೆ ಎಲೆಕೋಸು ಎಸೆಯುತ್ತಿದ್ದರು. ಜರ್ಮನಿಯ ಬವೇರಿಯಾದಲ್ಲಿ ಏಪ್ರಿಲ್ 30ರ ರಾತ್ರಿ ಹುಡುಗರು ತೋಟದ ಗೇಟು, ಹೂಕುಂಡ ಮುಂತಾದವನ್ನು ಒಯ್ದು ಬಚ್ಚಿಡುತ್ತಾರೆ. ನಮ್ಮ ಮಲೆನಾಡಿನಲ್ಲಿ ದೀಪಾವಳಿ ಹೊತ್ತಿಗೆ ಬೂರೆ ಕಳ್ಳತನ ಅಂತ ಇದೆ. ಹಿತ್ತಲಿನ ಸೌತೆಕಾಯಿ, ಎಳನೀರು ರಾತ್ರೋರಾತ್ರಿ ಮಾಯವಾಗುತ್ತವೆ.

ಸಿಹಿ ಕೇಳಿಕೊಂಡು ಹೋಗುವ ಹಬ್ಬ ಇನ್ನೆಲ್ಲಿದೆ?

ಸ್ವೀಡನ್, ಫಿನ್‌ಲ್ಯಾಂಡ್‌ನಲ್ಲಿ ಈಸ್ಟರ್ ಹೊತ್ತಿಗೆ ಮಕ್ಕಳು ತಲೆಗೆ ವಸ್ತ್ರ ಕಟ್ಟಿ, ಕೆನ್ನೆಗೆ ಕೆಂಪು ಬಳಿದು, ಮಾಟಗಾತಿಯರ ವೇಷದಲ್ಲಿ ಬರುತ್ತಾರೆ. ಫಿನ್‌ಲ್ಯಾಂಡಿನವರ ಕೈಯಲ್ಲಿ ಬಣ್ಣ ಕಟ್ಟಿದ ಗಿಡದ ಟೊಂಗೆ ಇರುತ್ತದೆ. ಅದನ್ನು ಬೀಸಿ ಮನೆಯವರಿಗೆ ಆರೋಗ್ಯ ಹಾರೈಸಿ ಪದ್ಯ ಹೇಳುತ್ತಾರೆ, ಟೊಂಗೆ ಕೊಟ್ಟು ಸಿಹಿ ಪಡೆಯುತ್ತಾರೆ.

ಕುವೈತ್, ಬಹರೇನ್ ಕಡೆ ರಂಜಾನ್ ತಿಂಗಳ ನಡುವಿನ ರಾತ್ರಿಗಳಲ್ಲಿ ಮಕ್ಕಳು ಹೊಸ ಬಟ್ಟೆ ಹಾಕಿ, ಚೀಲ ಹಿಡಿದು, ಹಾಡುತ್ತಾ ಮನೆಮನೆಗೆ ಹೋಗುತ್ತಾರೆ. ಗರ್ಗಿಯಾನ್ ಅನ್ನುತ್ತಾರೆ. ಬೀಜ, ಸಿಹಿ ಸಿಗುತ್ತದೆ. ನನ್ನ ಕ್ಲಾಸಿನ ಒಂದು ಮಗುವಿನ ತಂದೆ ಕುವೈತ್‌ನಲ್ಲಿ ಡ್ರೈವರ್. ಅವರು ಕಳಿಸಿದ ವಿಡಿಯೋ ನೋಡಿ ಇಡೀ ಕ್ಲಾಸು ಅದು ನಮ್ಮ ಕುಂಟೆತ್ತು ಎಂದು ಕೂಗಿತು.

ಹ್ಯಾಲೋವೀನ್ ಸತ್ತವರ ಹಬ್ಬ, ಅಶುಭ ಅಂತಾರಲ್ಲ?

ಸತ್ತವರನ್ನು ನೆನೆಯುವುದು ಅಶುಭವಾದರೆ ನಾವು ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವುದು ಏನು? ತೀರಿಹೋದ ಅಜ್ಜನಿಗೆ ಇಷ್ಟ ಅಂತ ಎಡೆಗೆ ಚುಟ್ಟಾ ಇಡುವ ಮನೆಗಳು ನಮ್ಮ ಓಣಿಯಲ್ಲೇ ಇವೆ.

ಮೆಕ್ಸಿಕೋದವರು ನವೆಂಬರ್ 1 ಮತ್ತು 2ರಂದು ಇದನ್ನೇ ಮಾಡುತ್ತಾರೆ. ಮೊದಲ ದಿನ ತೀರಿಹೋದ ಮಕ್ಕಳಿಗೆ, ಎರಡನೇ ದಿನ ದೊಡ್ಡವರಿಗೆ. ಫೋಟೋ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಇಟ್ಟು, ಸಮಾಧಿಯವರೆಗೆ ಹೂವಿನ ದಾರಿ ಮಾಡುತ್ತಾರೆ. ಸಕ್ಕರೆಯಲ್ಲಿ ತಲೆಬುರುಡೆ ಮಾಡಿ ಮಕ್ಕಳಿಗೆ ಕೊಡುತ್ತಾರೆ. ಯುನೆಸ್ಕೋ 2008ರಲ್ಲಿ ಇದನ್ನು ತನ್ನ ಪಟ್ಟಿಗೆ ಸೇರಿಸಿತು.

ಆ ದಾರಿಗೆ ಹಾಸುವ ಹೂವು ಯಾವುದು ಗೊತ್ತಾ? ಚೆಂಡು ಹೂವು. ಅದರ ತವರೇ ಮೆಕ್ಸಿಕೋ. ನಾವು ದಸರೆಗೆ ಬಂಡಿಗೆ, ಟ್ರ್ಯಾಕ್ಟರಿಗೆ ಕಟ್ಟುವ ಚೆಂಡು ಹೂವು ಯುರೋಪಿನವರ ಹಡಗು ಹತ್ತಿ ಇಲ್ಲಿಗೆ ಬಂದದ್ದು. ನಮ್ಮ ಸಿಹಿಗುಂಬಳ, ಮೆಣಸಿನಕಾಯಿಯ ಕಥೆಯೂ ಅದೇ. ಹೂವನ್ನು ನಮ್ಮದು ಮಾಡಿಕೊಳ್ಳುವಾಗ ಯಾರೂ ಅಶುಭ ಅನ್ನಲಿಲ್ಲ.

ಮರುದಿನವೇ ಕನ್ನಡ ರಾಜ್ಯೋತ್ಸವ. ಹಿಂದಿನ ರಾತ್ರಿ ಇಂಗ್ಲಿಷಿನವರ ಹಬ್ಬ ಮಾಡೋದು ಸರಿಯಾ?

ಈ ಬೇಸರ ನನಗೆ ಅರ್ಥವಾಗುತ್ತದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದಿಗೆ ಸೇರಿತ್ತು. ಕನ್ನಡನಾಡಿಗೆ ಸೇರಲು ಇಷ್ಟು ಕಾದ ನೆಲದಲ್ಲಿ ನವೆಂಬರ್ 1 ಸಣ್ಣ ದಿನವಲ್ಲ. ಮಕ್ಕಳು ಬೆಳಿಗ್ಗೆ ಬೇಗ ಎದ್ದು ಧ್ವಜದ ಮುಂದೆ ನಿಲ್ಲಬೇಕು. ಅದಕ್ಕೆ ಅಡ್ಡಿಯಾಗದಂತೆ ಸಂಜೆ ಎಂಟಕ್ಕೆ ಆಟ ಮುಗಿಸಿದರೆ ಸಾಕು. ವೇಷವನ್ನೇ ಹಾಕಬೇಕು ಅಂದರೆ ಗಂಡುಗಲಿ ಕುಮಾರರಾಮ ನಮ್ಮವನೇ. ಕಂಪ್ಲಿ, ಕುಮ್ಮಟದುರ್ಗ ಎರಡೂ ಇಲ್ಲೇ ಇವೆ. 31ರ ಸಂಜೆ ಹಾಕಿದ ಕುಮಾರರಾಮನ ವೇಷ ಮರುದಿನದ ಮೆರವಣಿಗೆಗೂ ಆಗುತ್ತದೆ.

ದೆವ್ವದ ವೇಷ, ಭಯದ ಆಟ ಮಕ್ಕಳ ಮನಸ್ಸಿಗೆ ಕೆಟ್ಟದ್ದಲ್ವಾ?

ಮಗು ತಾನೇ ದೆವ್ವ ಆದರೆ ಭಯ ಕಡಿಮೆಯಾಗುತ್ತದೆ. ದೊಡ್ಡವರು ದೆವ್ವವಾಗಿ ಮಗುವನ್ನು ಹೆದರಿಸಿದರೆ ಭಯ ಜಾಸ್ತಿಯಾಗುತ್ತದೆ. ಊಟ ಮಾಡದಿದ್ದರೆ ಗುಮ್ಮ ಬರ್ತಾನೆ, ಬೂಚಿ ಬರ್ತಾನೆ ಎಂದು ನಾವು ದಿನಾ ಹೆದರಿಸುತ್ತೇವೆ. ಅದನ್ನು ಮೊದಲು ನಿಲ್ಲಿಸೋಣ.

ತೊಂಬತ್ತರ ದಶಕದಲ್ಲಿ ಊರೂರಿಗೆ ಹಬ್ಬಿದ ನಾಳೆ ಬಾ ಸುದ್ದಿ ನಿಮಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಬಾಗಿಲು ಬಡಿಯುತ್ತದೆ, ಬಾಗಿಲ ಮೇಲೆ ನಾಳೆ ಬಾ ಎಂದು ಬರೆದಿದ್ದರೆ ಓದಿಕೊಂಡು ಹೋಗುತ್ತದೆ. ನಮ್ಮ ಊರಲ್ಲಿ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದದ್ದು ನಾವು ಮಕ್ಕಳೇ. ದೊಡ್ಡವರಲ್ಲಿ ಬರೆಯಲು ಬರುತ್ತಿದ್ದವರು ಕಡಿಮೆ. ಹೆದರಿಕೆಯಿಂದ ನಿದ್ದೆ ಬಾರದ ನನಗೆ ಹದಿನಾಲ್ಕು ಮನೆಯ ಬಾಗಿಲ ಮೇಲೆ ಬರೆದ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹಗಲುವೇಷದವರು ಊರಿಗೆ ಬಂದಾಗಲೂ ಹಾಗೆಯೇ. ಹಟ್ಟಹಗಲೇ ರಾಕ್ಷಸನ ವೇಷದಲ್ಲಿ ಬಂದ ಕಲಾವಿದರು ಚಹಾ ಕುಡಿಯುತ್ತಾ ನಮ್ಮ ಹೆಸರು ಕೇಳುತ್ತಿದ್ದರು. ಬಣ್ಣದ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಎಂದು ಮಗುವಿಗೆ ಗೊತ್ತಾದರೆ ಸಾಕು. ತೀರ ಸಣ್ಣ ಮಕ್ಕಳು ಅತ್ತರೆ ಬಲವಂತ ಮಾಡಬೇಡಿ.

ತಂಟೆ ಅತಿಯಾದರೆ?

ಅತಿಯಾದದ್ದೂ ಇದೆ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹ್ಯಾಲೋವೀನ್ ಹಿಂದಿನ ರಾತ್ರಿಯ ತಂಟೆ ಬೆಂಕಿ ಇಡುವ ಮಟ್ಟಕ್ಕೆ ಹೋಯಿತು. 1984ರಲ್ಲಿ ಆ ಹೊತ್ತಿನ ಮೂರು ದಿನಗಳಲ್ಲಿ 800ಕ್ಕೂ ಹೆಚ್ಚು ಕಡೆ ಬೆಂಕಿ ಬಿತ್ತು. ಜನ ಬಿಟ್ಟುಹೋದ ಖಾಲಿ ಮನೆಗಳೇ ಜಾಸ್ತಿ ಉರಿದವು. 1995ರಿಂದ ಊರಿನವರೇ ಸಾವಿರಾರು ಸಂಖ್ಯೆಯಲ್ಲಿ ರಾತ್ರಿ ಬೀದಿ ಕಾಯಲು ನಿಂತರು, ಬೆಂಕಿ ಕಡಿಮೆಯಾಯಿತು. ಅಟ್ಟಿಸಿಕೊಂಡು ಬರುವ ಅಜ್ಜಿ ಇಲ್ಲದ ಮನೆಯ ಮುಂದೆ ತಂಟೆಗೆ ಲಗಾಮು ಇರುವುದಿಲ್ಲ.

ಮಿನೆಸೋಟಾ ರಾಜ್ಯದ ಅನೋಕಾ ಎಂಬ ಊರು ಬೇರೆ ದಾರಿ ಹಿಡಿಯಿತು. ಅಲ್ಲಿನ ಹುಡುಗರು ಹ್ಯಾಲೋವೀನ್ ರಾತ್ರಿ ದನ ಬಿಚ್ಚಿ ದೊಡ್ಡ ಬೀದಿಗೆ ಹೊಡೆಯುತ್ತಿದ್ದರು, ಕಿಟಕಿಗೆ ಸಾಬೂನು ಬಳಿಯುತ್ತಿದ್ದರು. 1920ರಲ್ಲಿ ಊರವರು ಮಕ್ಕಳಿಗೆಂದೇ ದೊಡ್ಡ ಮೆರವಣಿಗೆ ಮಾಡಿ, ತಿನ್ನಲು ಕೊಟ್ಟು, ಬೆಂಕಿ ಹಾಕಿ ಹಬ್ಬ ನಡೆಸಿದರು. ನೂರು ವರ್ಷ ದಾಟಿದರೂ ಆ ಮೆರವಣಿಗೆ ಇದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾಡಬೇಕು ಅಂತಿದ್ದೇವೆ. ಹೇಗೆ?

ಬಳ್ಳಾರಿಯಲ್ಲಿ ತಂಗಿಯ ಕಡೆ ಮೊದಲ ವರ್ಷ ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ ಮುಖವಾಡ ತರಿಸಿದರು, ಚಾಕೊಲೇಟ್ ಹಂಚಿದರು, ಅರ್ಧ ಗಂಟೆಯಲ್ಲಿ ಮುಗಿಯಿತು. ಮಕ್ಕಳಿಗೆ ನೆನಪು ಉಳಿದದ್ದು ಏನೂ ಇಲ್ಲ. ಎರಡನೇ ವರ್ಷ ನಾನೂ ಹೋಗಿದ್ದೆ. ಹಾಡು, ಒಗಟು, ಗಾದೆ, ಏನಾದರೂ ಒಂದು ಹೇಳದೆ ತಿಂಡಿ ಇಲ್ಲ ಎಂದು ಗೊತ್ತು ಮಾಡಿದೆವು. ಮೂರನೇ ಮಹಡಿಯ ಒಬ್ಬ ಅಜ್ಜ ಒಗಟು ಬಿಡಿಸಲಾಗದೆ ಸೋತು ಎರಡು ಸಲ ಕೊಬ್ಬರಿ ಮಿಠಾಯಿ ಕೊಟ್ಟರು. ಅವರ ಬಾಗಿಲ ಮುಂದೆ ಸಾಲು ನಿಂತಿತ್ತು.

ಸಿಹಿಗುಂಬಳ ಸಂತೆಯಲ್ಲೇ ಸಿಗುತ್ತದೆ. ಸಿಪ್ಪೆ ಗಟ್ಟಿ, ಚಾಕು ದೊಡ್ಡವರ ಕೈಯಲ್ಲೇ ಇರಲಿ. ತಿರುಳು ಪಲ್ಯಕ್ಕೆ, ಬೀಜ ಒಣಗಿಸಿ ಹುರಿಯಲು. ಒಳಗೆ ಹಣತೆಯ ಬದಲು ಬ್ಯಾಟರಿ ದೀಪ ಇಡಿ. ಮಕ್ಕಳ ವೇಷದ ಬಟ್ಟೆಗೆ ಬೇಗ ಬೆಂಕಿ ತಾಕುತ್ತದೆ. ಬಣ್ಣಕ್ಕೆ ರೊಟ್ಟಿ ಹಂಚಿನ ಮಸಿ, ಕೊಬ್ಬರಿ ಎಣ್ಣೆ ಸಾಕು.

ಬರಬೇಡಿ ಅನ್ನುವ ಮನೆಯವರ ಬಾಗಿಲು ಬಡಿಯಬೇಡಿ. ಕಾಯಿಲೆಯವರು, ಕೂಸು ಇರುವವರು ಇರುತ್ತಾರೆ. ದೀಪ ಹಚ್ಚಿಟ್ಟ ಬಾಗಿಲಿಗೆ ಮಾತ್ರ ಹೋಗುವುದು ಅಮೆರಿಕದ ಮಕ್ಕಳ ಪದ್ಧತಿ, ಒಳ್ಳೆಯದು. ವಾಚ್‌ಮನ್ ಮನೆಯ ಮಕ್ಕಳನ್ನು, ಮನೆಗೆಲಸಕ್ಕೆ ಬರುವವರ ಮಕ್ಕಳನ್ನು ಮರೆಯದೆ ಕರೆಯಿರಿ. ಕರೆಯಲಾಗದಿದ್ದರೆ ಹಬ್ಬವೇ ಬೇಡ.

ಹೆಣ್ಣುಮಕ್ಕಳನ್ನು ಕಾಮಣ್ಣನ ಹಬ್ಬಕ್ಕೆ ಸೇರಿಸಿಕೊಳ್ಳಬಹುದಾ?

ಸೇರಿಸಿಕೊಳ್ಳಿ. ಆ ರಾತ್ರಿ ಕೂಗುವ ಕೆಲವು ಬೈಗುಳದ ಮಾತು ಬಿಡಿ. ಹಲಗೆ ಬಡಿಯಲು ಅವರಿಗೂ ಕೈ ಇದೆ.

ಈ ಸಲ ನಮ್ಮ ಅಂಗಳದ ಹೊಸ ಕುರ್ಚಿಯನ್ನೇ ಎತ್ತಿಕೊಂಡು ಹೋಗಿದ್ದಾರೆ. ಯಾರಿಗೆ ಹೇಳಬೇಕು?

ಹುಣ್ಣಿಮೆ ರಾತ್ರಿಗೆ ಮುಂಚೆ ಕಾಮಣ್ಣನ ರಾಶಿಯ ಹತ್ತಿರ ನೀವೇ ಹೋಗಿ. ಜೋರು ಮಾಡಬೇಡಿ. ಕುರ್ಚಿ ಕೊಟ್ಟರೆ ಒಂದು ಹೊರೆ ಕಟ್ಟಿಗೆ ಕೊಡ್ತೀನಿ ಅನ್ನಿ. ಚೌಕಾಸಿ ಮಾಡಲು ಒಬ್ಬ ಸಣ್ಣ ಹುಡುಗ ಮುಂದೆ ಬರುತ್ತಾನೆ. ಅವನು ಎರಡು ಹೊರೆ ಕೇಳುತ್ತಾನೆ.